ಹೊಲಿಗೆ ಹಾಕಿ ಕೈತೊಳೆದುಕೊಳ್ಳದ ಸರ್ಜನ್

ಅಮೆರಿಕದ ಮಿಷಿಗನ್ ರಾಜ್ಯದ ಆನ್ ಆರ್ಬರ್ ಅನ್ನುವ ಊರಿನ ಹೆಸರು ನಮ್ಮ ಐಟಿ ಮಂದಿಗೆ ಹೊಸದಲ್ಲ. ಅಲ್ಲಿನ ವಿಶ್ವವಿದ್ಯಾಲಯಕ್ಕೆ ಓದಲು ಹೋದ ಒಬ್ಬರಾದರೂ ಪ್ರತಿ ಬ್ಯಾಚ್‌ನಲ್ಲಿ ಇದ್ದೇ ಇರುತ್ತಾರೆ. ಅದೇ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ 1941ರ ಮಾರ್ಚ್ 15ರಂದು ಹನ್ನೆರಡು ದಿನದ ಒಂದು ಹೆಣ್ಣು ಮಗುವಿನ ಎದೆ ತೆರೆದು, ತುಂಡಾಗಿದ್ದ ಅನ್ನನಾಳದ ಎರಡು ತುದಿಗಳನ್ನು ಸೇರಿಸಿ ಹೊಲಿದರು. ಮಗು ಬದುಕಿತು. ಅದಕ್ಕೆ ಮೊದಲು ಜಗತ್ತಿನಲ್ಲಿ ಎಲ್ಲೂ ಹೀಗೆ ಒಂದೇ ಸಲಕ್ಕೆ ನೇರವಾಗಿ ಜೋಡಿಸಿದ ಮಗು ಉಳಿದಿರಲಿಲ್ಲ. ಹೊಲಿದವರು ಡಾ. ಕ್ಯಾಮೆರಾನ್ ಹೇಟ್.

ಮಕ್ಕಳ ಸರ್ಜನ್ ಆದವರಿಗೆ ಈ ಹೆಸರು ಪಠ್ಯಪುಸ್ತಕದ ಹೆಸರು. ನಾನು ಓದಿದ್ದು ಕಂಪ್ಯೂಟರ್ ಸೈನ್ಸ್, ಎಂಟೆಕ್ ಮಾಡಿ ಪುಣೆಯ ಹಿಂಜವಡಿಯಲ್ಲಿ ಕೋಡ್ ಬರೆದುಕೊಂಡಿರುವವನು. ನನಗೆ ಈ ಹೆಸರು ಗೊತ್ತಾದದ್ದು ನನ್ನ ಮಗನಿಂದ. ಅವನೂ ಅದೇ ತೊಂದರೆ ಹೊತ್ತು ಹುಟ್ಟಿದವನು. ಅವನ ಕತೆ ಮುಂದೆ ಅಲ್ಲಲ್ಲಿ ಬರುತ್ತದೆ. ಆದರೆ ನಾನು ಹೇಳಹೊರಟಿರುವುದು ಹೇಟ್ ಅವರ ಕತೆಯನ್ನು. ಆ ಮೊದಲ ಮಗು ಬದುಕಿತು ಎನ್ನುವುದರ ಜೊತೆಗೆ, ಬದುಕಿದ ಮೇಲೆ ಅದಕ್ಕೆ ಏನೇನಾಯಿತು ಎಂಬುದನ್ನೂ ಅವರು ಮುಚ್ಚಿಡದೆ ಬರೆದರು. ನಮ್ಮಂಥ ಅಪ್ಪ ಅಮ್ಮಂದಿರಿಗೆ ನಿಜವಾಗಿ ಬೇಕಾಗಿರುವುದು ಆ ಎರಡನೇ ಭಾಗ.

ಮೊದಲು ತೊಂದರೆ ಏನು ಅಂತ ಹೇಳಿಬಿಡುತ್ತೇನೆ. ಗರ್ಭದಲ್ಲಿ ಮಗು ಇನ್ನೂ ಕಾಳಿನಷ್ಟಿರುವಾಗ, ಸುಮಾರು ನಾಲ್ಕನೇ ವಾರದಲ್ಲಿ, ಒಂದೇ ಕೊಳವೆಯಾಗಿದ್ದದ್ದು ಎರಡಾಗಿ ಬೇರ್ಪಡುತ್ತದೆ. ಮುಂದಿನದು ಶ್ವಾಸನಾಳ, ಹಿಂದಿನದು ಅನ್ನನಾಳ. ಸುಮಾರು ಮೂರು ನಾಲ್ಕು ಸಾವಿರ ಹೆರಿಗೆಗೆ ಒಂದರಲ್ಲಿ ಈ ಬೇರ್ಪಡುವಿಕೆ ಕೆಡುತ್ತದೆ. ಹೆಚ್ಚಿನ ಮಕ್ಕಳಲ್ಲಿ ಅನ್ನನಾಳದ ಮೇಲಿನ ಭಾಗ ಒಂದು ಕುರುಡು ಚೀಲದ ಹಾಗೆ ಎದೆಯಲ್ಲೇ ಮುಗಿದುಹೋಗುತ್ತದೆ. ಹೊಟ್ಟೆಯಿಂದ ಮೇಲೆ ಬರುವ ಕೆಳಭಾಗ ಹೋಗಿ ಶ್ವಾಸನಾಳಕ್ಕೆ ಅಂಟಿಕೊಂಡಿರುತ್ತದೆ. ಈ ತಪ್ಪು ದಾರಿಗೆ ಫಿಸ್ಟುಲಾ ಎನ್ನುತ್ತಾರೆ. ಹುಟ್ಟಿದ ಮಗುವಿನ ಬಾಯಲ್ಲಿ ನೊರೆ ನಿಲ್ಲುವುದೇ ಇಲ್ಲ. ಹಾಲು ಕೊಟ್ಟರೆ ಕೆಮ್ಮಿ ನೀಲಿಗಟ್ಟುತ್ತದೆ. ಮೇಲಿನಿಂದ ಎಂಜಲು ಉಕ್ಕಿ ಶ್ವಾಸಕೋಶಕ್ಕೆ, ಕೆಳಗಿನಿಂದ ಹೊಟ್ಟೆಯ ಆಮ್ಲ ಫಿಸ್ಟುಲಾ ಹತ್ತಿ ಅದೇ ಶ್ವಾಸಕೋಶಕ್ಕೆ. ಎರಡೂ ಕಡೆಯಿಂದ ಹೊಡೆತ.

ಲಂಡನ್ನಿನ ವೈದ್ಯ ಥಾಮಸ್ ಗಿಬ್ಸನ್ ಇಂಥ ಮಗುವಿನ ವಿವರವನ್ನು 1697ರಲ್ಲೇ ಬರೆದಿದ್ದರು. ಅಲ್ಲಿಂದ ಮುಂದೆ ಇನ್ನೂರೈವತ್ತು ವರ್ಷ ಹತ್ತಿರ ಹತ್ತಿರ ವೈದ್ಯರು ಮಾಡಿದ್ದು ವಿವರ ಬರೆದಿಡುವುದನ್ನಷ್ಟೇ. 1888ರಲ್ಲಿ ಲಂಡನ್ನಿನಲ್ಲಿ ಚಾರ್ಲ್ಸ್ ಸ್ಟೀಲ್ ಎಂಬ ಸರ್ಜನ್ ಕೈಹಾಕಿ ನೋಡಿದರು, ಮಗು ಉಳಿಯಲಿಲ್ಲ. 1939ರ ನವೆಂಬರ್‌ನಲ್ಲಿ ಮಿನಿಯಾಪೊಲಿಸ್‌ನ ಲೋಗನ್ ಲೆವೆನ್ ಮತ್ತು ಬಾಸ್ಟನ್‌ನ ವಿಲಿಯಂ ಲ್ಯಾಡ್ ಬೇರೆ ಬೇರೆಯಾಗಿ ಒಂದೊಂದು ಮಗುವನ್ನು ಉಳಿಸಿದರು. ಆದರೆ ಅವರು ಅನ್ನನಾಳವನ್ನು ಜೋಡಿಸಲಿಲ್ಲ. ಫಿಸ್ಟುಲಾ ಮುಚ್ಚಿ, ಮೇಲಿನ ಚೀಲವನ್ನು ಕುತ್ತಿಗೆಯಲ್ಲಿ ಹೊರಕ್ಕೆ ತೆರೆದು, ಹೊಟ್ಟೆಗೆ ನೇರ ಟ್ಯೂಬ್ ಇಟ್ಟು, ಮುಂದೆ ಹಲವು ಆಪರೇಷನ್‌ಗಳಲ್ಲಿ ಒಂದು ಕೃತಕ ದಾರಿ ಕಟ್ಟುವ ಕ್ರಮ ಅದು. ಬಾಸ್ಟನ್ನಿನವರೇ ಆದ ಥಾಮಸ್ ಲ್ಯಾನ್ಮನ್ 1940ರಲ್ಲಿ ತಮ್ಮ ಅನುಭವ ಪ್ರಕಟಿಸಿದರು. ಆಪರೇಷನ್ ಮಾಡಿದ ಮಕ್ಕಳು 32, ಉಳಿದವರು ಒಬ್ಬರೂ ಇಲ್ಲ. ಆದರೂ ಇದು ಆಗಿಯೇ ಆಗುತ್ತದೆ, ಸ್ವಲ್ಪ ಸಮಯ ಬೇಕು ಅನ್ನುವ ಅರ್ಥದಲ್ಲೇ ಅವರು ಬರೆದಿದ್ದರು. ಸೊನ್ನೆ ಫಲಿತಾಂಶವನ್ನು ಎಲ್ಲರ ಮುಂದಿಡುವುದಕ್ಕೆ ಎಷ್ಟು ಗಟ್ಟಿ ಎದೆ ಬೇಕು ಅಂತ ಯೋಚಿಸಿ. ನಮ್ಮ ಕಚೇರಿಗಳಲ್ಲಿ ಒಂದು ರಿಲೀಸ್ ಕೆಟ್ಟರೆ ಅದರ ವರದಿಯಲ್ಲಿ ಎಷ್ಟು ಸುಣ್ಣ ಬಳಿಯುತ್ತೇವೆ ಎಂಬುದು ಎಲ್ಲರಿಗೂ ಗೊತ್ತು.

ಹೇಟ್ ಮಕ್ಕಳ ಸರ್ಜನ್ ಆಗಿ ಶುರು ಮಾಡಿದವರಲ್ಲ. 1901ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹುಟ್ಟಿದವರು. ದೇಶದ ಆಚೆ ತುದಿಯ ಹಾರ್ವರ್ಡ್‌ನಲ್ಲಿ 1926ರಲ್ಲಿ ವೈದ್ಯಕೀಯ ಮುಗಿಸಿ, ಯೇಲ್‌ನಲ್ಲಿ ಶಸ್ತ್ರಚಿಕಿತ್ಸೆ ಕಲಿತರು. 1931ರಲ್ಲಿ ಆನ್ ಆರ್ಬರ್‌ಗೆ ಬಂದರು. ಕೆಲಸ ಕಲಿಯಲು ಬಂದ ಊರಲ್ಲೇ ಕೊನೆಯವರೆಗೂ ಉಳಿದರು. ಎರಡು ವರ್ಷ ಇದ್ದು ವಾಪಸ್ ಹೋಗೋಣ ಅಂತ ಪುಣೆಗೆ ಬಂದು ಹನ್ನೊಂದು ವರ್ಷ ಕಳೆದ ನನ್ನಂಥವರಿಗೆ ಈ ಸಾಲು ವಿಶೇಷ ಅನ್ನಿಸಲಿಕ್ಕಿಲ್ಲ.

ಅವರು ಅಲ್ಲಿಗೆ ಹೋದದ್ದು ಜಾನ್ ಅಲೆಕ್ಸಾಂಡರ್ ಎಂಬ ಗುರುವನ್ನು ಹುಡುಕಿಕೊಂಡು. ಆ ಕಾಲದಲ್ಲಿ ಎದೆಗೂಡಿನ ಶಸ್ತ್ರಚಿಕಿತ್ಸೆ ಎಂದರೆ ಬಹುಪಾಲು ಕ್ಷಯರೋಗದ ಕೆಲಸ. ಔಷಧಿ ಇರಲಿಲ್ಲ. ಪಕ್ಕೆಲುಬುಗಳನ್ನು ತೆಗೆದು ಎದೆಗೋಡೆಯನ್ನು ಕುಸಿಸಿ, ಕೆಟ್ಟ ಶ್ವಾಸಕೋಶಕ್ಕೆ ವಿಶ್ರಾಂತಿ ಕೊಡುವುದೇ ಚಿಕಿತ್ಸೆ. ಅಲೆಕ್ಸಾಂಡರ್ ಅವರಿಗೇ ಬೆನ್ನುಮೂಳೆಯ ಕ್ಷಯವಿತ್ತು. ಹಾಸಿಗೆ ಹಿಡಿದು ಮಲಗಿದ್ದಾಗಲೇ ಶ್ವಾಸಕೋಶದ ಕ್ಷಯದ ಶಸ್ತ್ರಚಿಕಿತ್ಸೆ ಬಗ್ಗೆ ಪುಸ್ತಕ ಬರೆದರು, ಅದು 1925ರಲ್ಲಿ ಅಚ್ಚಾಯಿತು. ಅಮೆರಿಕದಲ್ಲಿ ಎದೆಗೂಡಿನ ಶಸ್ತ್ರಚಿಕಿತ್ಸೆಗೆ ಮೊದಲ ತರಬೇತಿ ಕೋರ್ಸ್ ಶುರು ಮಾಡಿದವರೂ ಅವರೇ, 1928ರಲ್ಲಿ. ಇಂಥ ಗುರುವಿನ ಕೈಕೆಳಗೆ ಹೇಟ್ ಕಲಿತದ್ದು ಎರಡು ವಿಷಯ ಎಂದು ನನಗನ್ನಿಸುತ್ತದೆ. ಒಂದು, ಶ್ವಾಸಕೋಶದ ಹೊದಿಕೆಯನ್ನು ಹರಿಯದೆ ಅದರ ಹೊರಗಿನಿಂದಲೇ ಎದೆಯೊಳಗೆ ದಾರಿ ಮಾಡಿಕೊಳ್ಳುವುದು. ಇನ್ನೊಂದು, ರೋಗಿಯನ್ನು ವರ್ಷಗಟ್ಟಲೆ ಬಿಡದೆ ನೋಡಿಕೊಳ್ಳುವುದು. ಕ್ಷಯದ ರೋಗಿಗಳು ಹೊಲಿಗೆ ಬಿಚ್ಚಿದ ಮಾರನೇ ದಿನ ಮನೆಗೆ ಹೋಗುವವರಲ್ಲವಲ್ಲ.

ಬಂದ ಮರುವರ್ಷವೇ, 1932ರ ನವೆಂಬರ್‌ನಲ್ಲಿ, ಹದಿಮೂರು ವರ್ಷದ ಹುಡುಗಿಯೊಬ್ಬಳ ಕೆಟ್ಟುಹೋದ ಎಡ ಶ್ವಾಸಕೋಶವನ್ನು ಹೇಟ್ ಪೂರ್ತಿಯಾಗಿ ತೆಗೆದರು. ಹುಡುಗಿ ಉಳಿದಳು. ಅಮೆರಿಕದಲ್ಲಿ ಅದೇ ಮೊದಲು. ಅದಕ್ಕೂ ಮುಂಚೆ 1931ರಲ್ಲಿ ಬರ್ಲಿನ್‌ನಲ್ಲಿ ರುಡಾಲ್ಫ್ ನಿಸೆನ್ ಎಂಬ ಸರ್ಜನ್ ಇದನ್ನು ಸಾಧಿಸಿದ್ದರು. ಈ ನಿಸೆನ್ ಹೆಸರನ್ನು ಒಂದು ಕಡೆ ಎತ್ತಿಟ್ಟಿರಿ, ಮತ್ತೆ ಬರುತ್ತದೆ.

ಈಗ 1941ರ ಮಗುವಿಗೆ ಬರೋಣ. ಮಿಷಿಗನ್ ರಾಜ್ಯದ ಉತ್ತರ ತುದಿಯಲ್ಲಿ, ಸುಪೀರಿಯರ್ ಸರೋವರದ ದಡದಲ್ಲಿರುವ ಮಾರ್ಕ್ವೆಟ್ ಎಂಬ ಊರಿನದು. ಅಲ್ಲಿಂದ ಆನ್ ಆರ್ಬರ್ ನೂರಾರು ಕಿಲೋಮೀಟರ್ ದೂರ. ಅಂದಿನ ಆಪರೇಷನ್ ಥಿಯೇಟರಿನಲ್ಲಿ ಏನೇನು ಇರಲಿಲ್ಲ ಅಂತ ಒಮ್ಮೆ ನೋಡಿ. ಪೆನ್ಸಿಲಿನ್ ಆಕ್ಸ್‌ಫರ್ಡ್‌ನಲ್ಲಿ ಮೊದಲ ರೋಗಿಯ ಮೇಲೆ ಪ್ರಯೋಗವಾಗಿ ಒಂದು ತಿಂಗಳಷ್ಟೇ ಆಗಿತ್ತು. ನವಜಾತ ಶಿಶುಗಳಿಗೆ ಇಂದಿನಂಥ ವೆಂಟಿಲೇಟರ್ ಇಲ್ಲ. ಬಾಯಿಂದ ಉಣ್ಣಲಾಗದ ಮಗುವಿಗೆ ರಕ್ತನಾಳದ ಮೂಲಕ ಪೂರ್ತಿ ಪೋಷಣೆ ಕೊಡುವ ವಿಧಾನ ಬಂದದ್ದು 1960ರ ದಶಕದ ಕೊನೆಗೆ. ತಾನೇ ಕರಗುವ ಕೃತಕ ನೂಲು ಬಂದದ್ದೂ ಬಹಳ ಆಮೇಲೆ. ಇನ್ನು ಹೊಲಿಯಬೇಕಾದ ವಸ್ತುವೋ, ಹನ್ನೆರಡು ದಿನದ ಕೂಸಿನ ಅನ್ನನಾಳ. ಕಿರುಬೆರಳಿಗಿಂತಲೂ ಸಣ್ಣದು. ಕರುಳಿನ ಮೇಲೆ ಇರುವಂಥ ಗಟ್ಟಿ ಹೊರಪದರ ಅನ್ನನಾಳಕ್ಕೆ ಇಲ್ಲ, ಆದ್ದರಿಂದ ಹೊಲಿಗೆ ಹಿಡಿಯುವುದೇ ಕಷ್ಟ. ಸಾಲದ್ದಕ್ಕೆ ಎರಡು ತುದಿಗಳ ನಡುವೆ ಅಂತರವಿರುವುದರಿಂದ ಎಳೆದು ಹೊಲಿಯಬೇಕು. ಎಳೆದಷ್ಟೂ ಹೊಲಿಗೆ ಬಿಚ್ಚಿಕೊಳ್ಳುವ ಅಪಾಯ, ರಕ್ತ ಹರಿಯದೆ ತುದಿ ಸಾಯುವ ಅಪಾಯ.

ಹೇಟ್ ಎಡಗಡೆಯಿಂದ, ಶ್ವಾಸಕೋಶದ ಹೊದಿಕೆಯ ಹೊರಗಿನಿಂದ ಒಳಹೊಕ್ಕರು. ಫಿಸ್ಟುಲಾವನ್ನು ಕಟ್ಟಿ ಮುಚ್ಚಿದರು. ಎರಡು ತುದಿಗಳನ್ನು ಒಂದೇ ಪದರದಲ್ಲಿ ಹೊಲಿದರು.

ಹೊದಿಕೆಯ ಹೊರಗಿನಿಂದ ಹೋದದ್ದರ ಮಹತ್ವ ನಂತರದ ದಿನಗಳಲ್ಲಿ ತಿಳಿಯಿತು. ಹೊಲಿಗೆ ಸೋರಿತು. ಹೊದಿಕೆ ಹರಿದಿದ್ದರೆ ಆ ಎಂಜಲು, ಕೀವು ಎಲ್ಲ ಶ್ವಾಸಕೋಶದ ಸುತ್ತಲಿನ ಜಾಗಕ್ಕೆ ತುಂಬಿ ಮಗು ಉಳಿಯುವುದೇ ಅನುಮಾನವಿತ್ತು. ಹೊದಿಕೆ ಹಾಗೇ ಇದ್ದದ್ದರಿಂದ ಸೋರಿಕೆ ಹೊರಗಿನ ಸಣ್ಣ ಜಾಗದಲ್ಲೇ ಉಳಿಯಿತು, ಮತ್ತೆ ಕತ್ತರಿಸದೆ ಕಾದದ್ದಕ್ಕೆ ತಾನಾಗಿ ಮಾಗಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಸಿಸ್ಟಂ ಕೆಡುವುದಿಲ್ಲ ಅಂತ ನಂಬಿ ಕಟ್ಟಿದ ಡಿಸೈನ್ ಅಲ್ಲ ಅದು, ಕೆಟ್ಟರೆ ಹಾನಿ ಎಲ್ಲಿಗೆ ನಿಲ್ಲಬೇಕು ಅಂತ ಮೊದಲೇ ಯೋಚಿಸಿ ಕಟ್ಟಿದ್ದು.

ಸೋರಿಕೆ ಮಾಗಿದ ಮೇಲೆ ಎರಡನೇ ತೊಂದರೆ ಬಂತು. ಗಾಯ ಮಾಗುವಾಗ ಕಲೆ ಬಿಗಿದುಕೊಂಡು ಜೋಡಿಸಿದ ಜಾಗ ಕಿರಿದಾಯಿತು. ಡಾಕ್ಟರುಗಳು ಇದಕ್ಕೆ ಸ್ಟ್ರಿಕ್ಚರ್ ಎನ್ನುತ್ತಾರೆ. ಆ ಮಗುವಿಗೆ ಒಂದು ಸಲ ಒಳಗಿನಿಂದ ಹಿಗ್ಗಿಸಿದ್ದಕ್ಕೆ ಸರಿಹೋಯಿತು. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲೇ ಇಟ್ಟುಕೊಂಡು ನೋಡಿಕೊಂಡರು. ಅದೇ ಆಸ್ಪತ್ರೆಯ ಮಕ್ಕಳ ವೈದ್ಯ ಹ್ಯಾರಿ ಟೌಸ್ಲಿ ಅವರ ಜೊತೆಗೂಡಿ ಹೇಟ್ ಈ ಪ್ರಕರಣವನ್ನು 1943ರಲ್ಲಿ ಪ್ರಕಟಿಸಿದರು.

ಸೋರಿಕೆ, ಆಮೇಲೆ ಸ್ಟ್ರಿಕ್ಚರ್. ನನ್ನ ಮಗನಿಗೆ ಹುಟ್ಟಿದ ಎರಡನೇ ದಿನ ಆಪರೇಷನ್ ಆಯಿತು. ಏಳನೇ ದಿನ ಡೈ ಕುಡಿಸಿ ತೆಗೆದ ಎಕ್ಸ್‌ರೇಯಲ್ಲಿ ಜೋಡಣೆಯ ಪಕ್ಕ ಬಿಳಿ ಗೆರೆಯೊಂದು ಹೊರಗೆ ಹರಿದಿತ್ತು. ಎದೆಯ ಟ್ಯೂಬ್ ತೆಗೆಯದೆ ಇನ್ನೆರಡು ವಾರ ಇಟ್ಟರು, ಸೋರಿಕೆ ನಿಂತಿತು. ಮೂರನೇ ತಿಂಗಳಲ್ಲಿ ಹಾಲು ಕುಡಿಯಲು ಒಂದು ಗಂಟೆ ಹಿಡಿಯತೊಡಗಿತು. ಕುಡಿದದ್ದೆಲ್ಲ ಬಾಯಿಂದ ವಾಪಸ್ ಬರುತ್ತಿತ್ತು. ಡಿಸ್ಚಾರ್ಜ್ ಕಾಗದದಲ್ಲಿ ಆಪರೇಷನ್ ಯಶಸ್ವಿ ಎಂದಷ್ಟೇ ಇತ್ತು. ಮುಂದೆ ಹೀಗಾಗಬಹುದು ಅಂತ ಆ ಆಸ್ಪತ್ರೆಯಲ್ಲಿ ಯಾರೂ ನಮ್ಮನ್ನು ಕೂರಿಸಿ ಹೇಳಿರಲಿಲ್ಲ. ಬೇರೆ ಡಾಕ್ಟರ ಬಳಿ ಹೋದಾಗ ಅವರು ಒಂದು ಹಾಳೆಯಲ್ಲಿ ಚಿತ್ರ ಬಿಡಿಸಿ, ಇದು 1941ರ ಮೊದಲ ಮಗುವಿಗೂ ಆಗಿತ್ತು ಎಂದು ಹೇಳಿದರು. ನನ್ನ ಹೆಂಡತಿ ಅಲ್ಲಿಯತನಕ ತನ್ನಿಂದಲೇ ಏನೋ ಎಡವಟ್ಟಾಗಿದೆ, ಹಾಲು ಕುಡಿಸಿದ ಕ್ರಮ ಸರಿಯಿಲ್ಲ ಅಂತ ಕೊರಗುತ್ತಿದ್ದಳು. ಆ ವಾಕ್ಯ ಕೇಳಿದ ಮೇಲೆ ಅವಳು ಮಾಡಿದ ಮೊದಲ ಕೆಲಸ ಕುರ್ಚಿಗೆ ಒರಗಿ ಕೂತದ್ದು.

ಆ ರಾತ್ರಿ ನಾನು ಹೇಟ್ ಬಗ್ಗೆ ಓದಲು ಕೂತೆ. ಓದುತ್ತ ಹೋದಂತೆ, ಮೊದಲ ಗೆಲುವಿಗಿಂತ ಅವರ ಮುಂದಿನ ವರ್ಷಗಳೇ ನನಗೆ ಹೆಚ್ಚು ಹಿಡಿಸಿದವು.

ಒಂದು ಗೆಲುವಿನ ಮೇಲೆ ಕೂತು ಕಾಲ ಕಳೆಯಬಹುದಿತ್ತು. ಹೇಟ್ ತಮ್ಮ ವಿಧಾನವನ್ನೇ ಬದಲಿಸುತ್ತ ಹೋದರು. ಎಡಗಡೆಯ ಬದಲು ಬಲಗಡೆಯಿಂದ ಹೋಗತೊಡಗಿದರು. ಹೆಚ್ಚಿನ ಸರ್ಜನ್‌ಗಳು ಇಂದಿಗೂ ಹೋಗುವುದು ಬಲಗಡೆಯಿಂದಲೇ. ಸೋರಿಕೆ ತಡೆಯಲು ಒಂದು ಪದರದ ಬದಲು ಎರಡು ಪದರ ಹೊಲಿಗೆ ತಂದರು. ಒಳಪದರದಲ್ಲಿ ಮೇಲಿನ ಚೀಲದ ಒಳಚರ್ಮವನ್ನು ಕೆಳಗಿನ ತುದಿಗೆ ಹೊಲಿಯುವುದು. ನಂತರ ಮೇಲಿನ ಚೀಲದ ಸ್ನಾಯುವನ್ನು ಅಂಗಿಯ ತೋಳು ಜಾರಿಸಿದ ಹಾಗೆ ಕೆಳಕ್ಕೆ ಎಳೆದು ಆ ಹೊಲಿಗೆಯ ಮೇಲೆ ಮುಚ್ಚಿ ಇನ್ನೊಂದು ಸುತ್ತು ಹೊಲಿಯುವುದು. ಇದಕ್ಕೆ ಹೇಟ್ ಜೋಡಣೆ ಎಂದೇ ಹೆಸರಾಯಿತು.

ಸೋರಿಕೆ ನಿಜಕ್ಕೂ ಕಡಿಮೆಯಾಯಿತು. ಆದರೆ ಸ್ಟ್ರಿಕ್ಚರ್ ಹೆಚ್ಚಾಯಿತು. ದಪ್ಪ ಹೊಲಿಗೆ, ಆದ್ದರಿಂದ ಒಳದಾರಿ ಕಿರಿದು. ಒಂದು ಕಡೆ ಬಿಗಿ ಮಾಡಿದರೆ ಇನ್ನೊಂದು ಕಡೆ ಕೈಕೊಡುವ ಈ ಸಂಕಟ ಇಂಜಿನಿಯರುಗಳಿಗೆ ಚಿರಪರಿಚಿತ. ವ್ಯತ್ಯಾಸ ಇಷ್ಟೇ, ಇಲ್ಲಿ ತೂಗಿ ನೋಡಬೇಕಾದದ್ದು ಎರಡು ಸಾವಿನ ಹತ್ತಿರದ ಸಂಗತಿಗಳನ್ನು. ಆ್ಯಂಟಿಬಯಾಟಿಕ್ ಇನ್ನೂ ಸರಿಯಾಗಿ ಇಲ್ಲದ ಕಾಲದಲ್ಲಿ ಸೋರಿಕೆ ಮಗುವನ್ನು ಕೊಲ್ಲುತ್ತಿತ್ತು, ಸ್ಟ್ರಿಕ್ಚರನ್ನು ಹಿಗ್ಗಿಸಬಹುದಿತ್ತು. ಆ ಕಾಲಕ್ಕೆ ಆ ಲೆಕ್ಕ ಸರಿ ಎಂದೇ ನನ್ನ ಅಭಿಪ್ರಾಯ. ಇಂದು ನೂಲು, ಔಷಧಿ, ವೆಂಟಿಲೇಟರ್ ಎಲ್ಲ ಸುಧಾರಿಸಿವೆ. ಹಾಗಾಗಿ ಹೆಚ್ಚಿನವರು ಮತ್ತೆ ಒಂದೇ ಪದರಕ್ಕೆ ಮರಳಿದ್ದಾರೆ, ಅಂದರೆ 1941ರಲ್ಲಿ ಅವರೇ ಮಾಡಿದ್ದಕ್ಕೆ.

ಸುಮಾರು ಮೂವತ್ತು ವರ್ಷಗಳಲ್ಲಿ ಹೇಟ್ ಅವರ ಕಡೆಗೆ ಬಂದ ಇಂಥ ಮಕ್ಕಳ ಸಂಖ್ಯೆ 280ಕ್ಕೂ ಹೆಚ್ಚು. ಉಳಿದವರು ಅರ್ಧಕ್ಕಿಂತ ತುಸು ಮೇಲೆ. ಇವತ್ತಿನ ಕಣ್ಣಿಗೆ ಅದು ಕಡಿಮೆ ಅನ್ನಿಸಬಹುದು, ಆದರೆ 32ಕ್ಕೆ ಸೊನ್ನೆ ಎಂಬ ಲ್ಯಾನ್ಮನ್ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿ. ಉಳಿಯದ ಅರ್ಧದಷ್ಟು ಮಕ್ಕಳೂ ಆ ಲೆಕ್ಕದಲ್ಲಿದ್ದಾರೆ. ತೂಕ ತೀರ ಕಡಿಮೆ ಇದ್ದವರು, ನ್ಯುಮೋನಿಯಾ ಹತ್ತಿಸಿಕೊಂಡೇ ಬಂದವರು, ಹೃದಯದ ತೊಂದರೆಯೂ ಇದ್ದವರು. 1962ರಲ್ಲಿ ಲಂಡನ್ನಿನ ಡೇವಿಡ್ ವಾಟರ್‌ಸ್ಟನ್ ಇಂಥ ಸಂಗತಿಗಳನ್ನು ಹಿಡಿದು ಮಕ್ಕಳನ್ನು ಗುಂಪು ಮಾಡಿ, ಯಾರಿಗೆ ಕೂಡಲೇ ಆಪರೇಷನ್, ಯಾರಿಗೆ ಸ್ವಲ್ಪ ಕಾದು ಎಂಬ ಕ್ರಮ ತಂದರು. ಹಳೆಯ ಸರ್ಜನ್‌ಗಳು ಸತ್ತ ಮಕ್ಕಳನ್ನೂ ಬರೆದಿಟ್ಟಿರದಿದ್ದರೆ ಇಂಥ ವಿಂಗಡಣೆಗೆ ಆಧಾರ ಎಲ್ಲಿಂದ ಬರಬೇಕಿತ್ತು?

1954ರಲ್ಲಿ ಗುರು ಅಲೆಕ್ಸಾಂಡರ್ ತೀರಿಕೊಂಡ ಮೇಲೆ ವಿಭಾಗದ ಹೊಣೆ ಹೇಟ್ ಹೆಗಲಿಗೆ ಬಂತು. ಅಷ್ಟರಲ್ಲಿ ಸ್ಟ್ರೆಪ್ಟೊಮೈಸಿನ್ ಬಂದು ಕ್ಷಯದ ಆಪರೇಷನ್‌ಗಳು ಕಡಿಮೆಯಾಗುತ್ತಿದ್ದವು. ಅನ್ನನಾಳದ ಮಕ್ಕಳು ಮಾತ್ರ ಬರುತ್ತಲೇ ಇದ್ದರು. 1970ರಲ್ಲಿ ಹೇಟ್ ತೀರಿಕೊಂಡರು.

ಅವರು ಬಿಟ್ಟುಹೋದ ಕೆಲಸ ಎಷ್ಟು ದೂರ ಬಂದಿದೆ? ಒಳ್ಳೆಯ ಸೌಲಭ್ಯವಿರುವ ಕಡೆ, ತೂಕ ಸರಿಯಾಗಿದ್ದು ಹೃದಯದ ದೊಡ್ಡ ತೊಂದರೆ ಇಲ್ಲದ ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಉಳಿಯುತ್ತಾರೆ. ದೂರದ ಊರುಗಳಿಂದ ತಡವಾಗಿ, ಎದೆಯಲ್ಲಿ ಸೋಂಕು ತುಂಬಿಕೊಂಡು ಬರುವ ಮಕ್ಕಳು ಹೆಚ್ಚಿರುವ ನಮ್ಮ ದೇಶದಲ್ಲಿ ಎಲ್ಲ ಕಡೆ ಈ ಮಾತು ಹೇಳುವಂತಿಲ್ಲ. 1999ರಿಂದ ಈಚೆಗೆ ಎದೆ ಪೂರ್ತಿ ತೆರೆಯದೆ ಸಣ್ಣ ರಂಧ್ರಗಳ ಮೂಲಕವೂ ಈ ಆಪರೇಷನ್ ಮಾಡುತ್ತಿದ್ದಾರೆ. ಆದರೆ ಮೊದಲ ಮಗುವಿಗೆ ಆದ ಎರಡು ತೊಂದರೆಗಳು ಎಲ್ಲೂ ಹೋಗಿಲ್ಲ. ಸೋರಿಕೆ ಈಗಲೂ ಹತ್ತರಲ್ಲಿ ಒಂದೆರಡು ಮಕ್ಕಳಿಗೆ ಆಗುತ್ತದೆ. ಸ್ಟ್ರಿಕ್ಚರ್ ಸುಮಾರು ಮೂರರಲ್ಲಿ ಒಂದು ಮಗುವಿಗೆ, ಕೆಲವು ಕಡೆ ಅದಕ್ಕೂ ಹೆಚ್ಚು. ಈಗ ಹಿಗ್ಗಿಸುವುದಕ್ಕೆ ಬಲೂನ್ ಬಂದಿದೆ. ಮುದುರಿದ ಬಲೂನನ್ನು ಕಿರಿದಾದ ಜಾಗಕ್ಕೆ ತಂದು ಊದಿಸಿ, ಕೆಲವು ಕ್ಷಣ ಹಿಡಿದು, ಇಳಿಸುತ್ತಾರೆ. ನನ್ನ ಮಗನಿಗೆ ಐದು ಸಲ ಆಗಿದೆ.

ಉಳಿದ ತೊಂದರೆಗಳನ್ನು ಜನ ಕಂಡುಕೊಂಡದ್ದು ಮಕ್ಕಳು ಬದುಕಿ ದೊಡ್ಡವರಾದ ಮೇಲೆ. ಸತ್ತ ಮಕ್ಕಳಲ್ಲಿ ಇವು ಗೊತ್ತಾಗುವ ಹಾಗೇ ಇರಲಿಲ್ಲ.

ಹೊಟ್ಟೆಯ ಆಮ್ಲ ಮೇಲೇರುವುದು ಇವುಗಳಲ್ಲಿ ದೊಡ್ಡದು. ಎಳೆದು ಹೊಲಿದದ್ದರಿಂದ ಹೊಟ್ಟೆಯ ಬಾಯಿ ತುಸು ಮೇಲಕ್ಕೆ ಸರಿದು, ಅಲ್ಲಿನ ಕವಾಟ ಸಡಿಲವಾಗುತ್ತದೆ. ಏರಿದ ಆಮ್ಲ ಹೊಲಿಗೆಯ ಜಾಗವನ್ನು ಸುಟ್ಟು ಸ್ಟ್ರಿಕ್ಚರನ್ನು ಮತ್ತೆ ಮತ್ತೆ ತರುತ್ತದೆ. ಔಷಧಿಗೆ ಬಗ್ಗದಿದ್ದರೆ ಹೊಟ್ಟೆಯ ಮೇಲ್ಭಾಗವನ್ನು ಅನ್ನನಾಳದ ಸುತ್ತ ಮಫ್ಲರಿನಂತೆ ಸುತ್ತಿ ಹೊಲಿಯುತ್ತಾರೆ. ಆ ಆಪರೇಷನ್‌ಗೆ ನಿಸೆನ್ ಎಂದೇ ಹೆಸರು. ಹೌದು, ಹೇಟ್‌ಗಿಂತ ಒಂದು ವರ್ಷ ಮುಂಚೆ ಬರ್ಲಿನ್‌ನಲ್ಲಿ ಶ್ವಾಸಕೋಶ ತೆಗೆದ ಅದೇ ನಿಸೆನ್. ಯಹೂದಿಯಾಗಿದ್ದ ಅವರು 1933ರಲ್ಲಿ ಜರ್ಮನಿ ಬಿಟ್ಟು ಇಸ್ತಾಂಬುಲ್ ಸೇರಿದರು. ಎಲ್ಲೆಲ್ಲೋ ಅಲೆದು, ಕೊನೆಗೆ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿದ್ದಾಗ 1956ರಲ್ಲಿ ಇದನ್ನು ಪ್ರಕಟಿಸಿದರು. ಶ್ವಾಸಕೋಶದ ಆಪರೇಷನ್‌ನಲ್ಲಿ ಒಬ್ಬರ ಹಿಂದೆ ಒಬ್ಬರು ಬಂದ ಇಬ್ಬರು ಸರ್ಜನ್‌ಗಳು, ಮತ್ತೆ ಇಂಥ ಮಕ್ಕಳ ಹೊಟ್ಟೆಯ ಬಾಯಲ್ಲಿ ಭೇಟಿಯಾಗುತ್ತಾರೆ.

ಎರಡನೆಯದು ಕೆಮ್ಮು. ಗರ್ಭದಲ್ಲಿ ಉಬ್ಬಿಕೊಂಡಿದ್ದ ಮೇಲಿನ ಚೀಲ ಪಕ್ಕದ ಶ್ವಾಸನಾಳವನ್ನು ಒತ್ತಿ, ಅದರ ಗೋಡೆ ಮೆತ್ತಗಾಗಿರುತ್ತದೆ. ಮಗು ಕೆಮ್ಮಿದಾಗ ಆ ಮೆತ್ತನೆ ಗೋಡೆ ಕುಸಿದು ಬೊಗಳಿದಂಥ ಶಬ್ದ ಬರುತ್ತದೆ. ನಮ್ಮಮ್ಮ ತುಮಕೂರಿನಿಂದ ಬಂದವರು ಮೊದಲ ದಿನವೇ ಇದು ನಾಯಿಕೆಮ್ಮು ಅಂತ ತೀರ್ಮಾನ ಮಾಡಿ ಕಷಾಯಕ್ಕೆ ನೀರಿಟ್ಟಿದ್ದರು. ನಾಯಿಕೆಮ್ಮು ಸೋಂಕಿನಿಂದ ಬರುವ ಬೇರೆಯೇ ರೋಗ, ಇದು ಯಾರಿಗೂ ಹರಡುವುದಿಲ್ಲ. ಬೆಳೆದಂತೆ ಶ್ವಾಸನಾಳ ಗಟ್ಟಿಯಾಗಿ ಹೆಚ್ಚಿನ ಮಕ್ಕಳಲ್ಲಿ ಕಡಿಮೆಯಾಗುತ್ತದೆ, ಸದ್ದು ಮಾತ್ರ ಎಷ್ಟೋ ವರ್ಷ ಉಳಿಯಬಹುದು. ಆದರೆ ಹಾಲು ನೀರು ಕುಡಿದಾಗಲೆಲ್ಲ ಕೆಮ್ಮು ಬಂದು, ಪದೇಪದೇ ನ್ಯುಮೋನಿಯಾ ಆಗುತ್ತಿದ್ದರೆ ಅದನ್ನು ಇದರ ಲೆಕ್ಕಕ್ಕೆ ಹಾಕಿ ಸುಮ್ಮನಿರುವಂತಿಲ್ಲ. ಮುಚ್ಚಿದ ಫಿಸ್ಟುಲಾ ಮತ್ತೆ ತೆರೆದುಕೊಂಡಿರಬಹುದು. ಅದು ಕಡಿಮೆ ಮಕ್ಕಳಲ್ಲಿ ಆಗುತ್ತದೆ, ಸಾಧಾರಣ ಎಕ್ಸ್‌ರೇಯಲ್ಲಿ ಕಾಣಿಸುವುದೂ ಇಲ್ಲ, ಹುಡುಕಿಯೇ ನೋಡಬೇಕು. ಮಗು ನೀಲಿಗಟ್ಟಿದರೆ, ಉಸಿರು ನಿಂತಂತಾದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಓಡಬೇಕು.

ಮೂರನೆಯದು ನುಂಗುವುದು. ಅನ್ನನಾಳ ಬರೀ ಪೈಪ್ ಅಲ್ಲ, ತುತ್ತನ್ನು ಅಲೆಯಂತೆ ಒತ್ತುತ್ತ ಕೆಳಗೆ ಇಳಿಸುವ ಸ್ನಾಯು. ಇಂಥ ಮಕ್ಕಳಲ್ಲಿ ಆ ಅಲೆ ಹುಟ್ಟಿನಿಂದಲೇ ಸರಿಯಿರುವುದಿಲ್ಲ. ಜೋಡಣೆ ಎಷ್ಟು ಚೆನ್ನಾಗಿದ್ದರೂ ತುತ್ತು ನಡುವೆ ನಿಲ್ಲುತ್ತದೆ. ಮುದ್ದೆಯನ್ನು ಅಗಿಯಬಾರದು, ಸಾರಲ್ಲಿ ಅದ್ದಿ ನುಂಗಬೇಕು ಅಂತ ಹೇಳಿಕೊಡುವ ಮನೆ ನಮ್ಮದು. ಈ ಹುಡುಗನಿಗೆ ಅದರ ಉಲ್ಟಾ ಹೇಳಿಕೊಡಬೇಕಾಯಿತು. ಚಿಕ್ಕ ತುತ್ತು, ಚೆನ್ನಾಗಿ ಅಗಿ, ಮೇಲೆ ಒಂದು ಗುಟುಕು ನೀರು. ನಮ್ಮಮ್ಮನಿಗೆ ಮುದ್ದೆ ಅಗಿಯುವ ಮೊಮ್ಮಗನನ್ನು ನೋಡಿ ಮೊದಮೊದಲು ಸಂಕಟ. ಊಟದ ನಡುವೆ ಅವನಿಗೆ ನೆತ್ತಿಗೆ ಹತ್ತಿದರೆ ಯಾರೋ ನೆನೆಸಿಕೊಂಡರು ಅಂತ ತಲೆ ತಟ್ಟುತ್ತಿದ್ದವರು, ಈಗ ತಾವೇ ತುತ್ತು ಚಿಕ್ಕದು ಮಾಡಿ ಕೊಡುತ್ತಾರೆ.

ಇವಲ್ಲದೆ ಎದೆ ತೆರೆದ ಕಡೆಯ ಪಕ್ಕೆಲುಬು ಅಂಟಿಕೊಂಡು ಬೆನ್ನು ವಾಲುವುದುಂಟು. ವರ್ಷಗಟ್ಟಲೆ ಆಮ್ಲ ತಾಗಿ ಅನ್ನನಾಳದ ಒಳಪದರವೇ ಬದಲಾಗುವುದುಂಟು. ಆದ್ದರಿಂದ ಮಗುವಿಗೆ ಏನೂ ತೊಂದರೆ ಇಲ್ಲ ಅನ್ನಿಸಿದರೂ ಬಾಲ್ಯದಲ್ಲಿ ಕೆಲವು ಸಲ, ಮತ್ತೆ ದೊಡ್ಡವರ ಡಾಕ್ಟರಿಗೆ ಒಪ್ಪಿಸುವ ವಯಸ್ಸಿನಲ್ಲಿ, ಎಂಡೋಸ್ಕೋಪಿ ಮಾಡಿಸಿ ನೋಡಬೇಕು ಎಂಬುದು ಈಗಿನ ವೈದ್ಯ ಸಂಘಟನೆಗಳ ಸಲಹೆ.

ಊರೂರು ತಿರುಗುವ ನಮ್ಮಂಥವರಿಗೆ ಇಲ್ಲೊಂದು ಪೇಚಿದೆ. ಆಪರೇಷನ್ ಪುಣೆಯಲ್ಲಿ, ಕೆಲಸ ಮುಂದಿನ ವರ್ಷ ಹೈದರಾಬಾದ್‌ನಲ್ಲಿ, ರಜೆಯಲ್ಲಿ ತುತ್ತು ಸಿಕ್ಕಿಕೊಂಡರೆ ಓಡುವುದು ತುಮಕೂರಿನ ಆಸ್ಪತ್ರೆಗೆ. ಅಲ್ಲಿನ ಡ್ಯೂಟಿ ಡಾಕ್ಟರಿಗೆ ಈ ಮಗುವಿನ ಎದೆಯೊಳಗೆ ಯಾರು ಏನು ಮಾಡಿದ್ದಾರೆ ಎಂಬುದು ತಿಳಿಯುವ ದಾರಿ ಕಾಗದ ಒಂದೇ. ಡಿಸ್ಚಾರ್ಜ್ ಸಾರಾಂಶ ಸಾಲದು, ಆಪರೇಷನ್ ನೋಟ್ ಬೇಕು. ಅದನ್ನು ಕೇಳಿದರೆ ಕೊಡುತ್ತಾರೆ, ಕೇಳದಿದ್ದರೆ ಎಷ್ಟೋ ಕಡೆ ಕೊಡುವುದಿಲ್ಲ.

ನಾವು ಬರುವ ಜೂನ್‌ನಲ್ಲಿ ಹೈದರಾಬಾದ್‌ಗೆ ಹೋಗುತ್ತಿದ್ದೇವೆ. ಹೋದ ವಾರ ಮಗನ ಫೈಲ್ ಜೋಡಿಸಿದೆ. ಯಾವ ಕಡೆಯಿಂದ ಎದೆ ತೆರೆದದ್ದು, ಹೊದಿಕೆಯ ಹೊರಗಿನಿಂದಲೋ ಒಳಗಿನಿಂದಲೋ, ಎರಡು ತುದಿಗಳ ಅಂತರ ಎಷ್ಟು ಸೆಂಟಿಮೀಟರ್, ಎಷ್ಟು ಪದರ ಹೊಲಿಗೆ, ಸೋರಿಕೆ ಎಷ್ಟು ದಿನ, ಐದೂ ಸಲ ಬಲೂನಿನ ಅಳತೆ ಎಷ್ಟು ಮಿಲಿಮೀಟರ್, ಕೊನೆಯ ಡೈ ಪರೀಕ್ಷೆಯ ಚಿತ್ರ. ಒಂದು ಪ್ರತಿ ಫೋನಿನಲ್ಲಿ, ಒಂದು ತುಮಕೂರಿನಲ್ಲಿ ಅಮ್ಮನ ಬೀರುವಿನಲ್ಲಿ. ಮೇಲೆ ಹೊಸ ಶಾಲೆಗೆಂದು ಡಾಕ್ಟರ ಪತ್ರ ಇಟ್ಟಿದ್ದೇನೆ, ಈ ಹುಡುಗನ ಕೆಮ್ಮು ಅಂಟುರೋಗವಲ್ಲ, ಊಟದ ಹೊತ್ತಲ್ಲಿ ಅವನನ್ನು ಅವಸರ ಮಾಡಬೇಡಿ ಅಂತ.